ವರತಿ ತೋಡುವ ಹೂಗಳು

ನಮ್ಮ ಸೋದರತ್ತೆಯ ಊರು ಯಾದಗಿರಿಗೆ ಹತ್ತಿರ. ಊರ ಮುಂದಿನ ಹಳ್ಳ ಹರಿದು ಹೋಗಿ ಭೀಮೆಯನ್ನು ಕೂಡುತ್ತದೆ. ಹರಿಯುವುದು ಅಂದರೆ ಮಳೆಗಾಲದ ಮಾತು. ಮೇ ತಿಂಗಳಲ್ಲಿ ಅಲ್ಲಿರುವುದು ಬರೇ ಉಸುಕು. ಮಧ್ಯಾಹ್ನ ಬರಿಗಾಲಲ್ಲಿ ಇಳಿದವರು ಕುಣಿಯುತ್ತಲೇ ಆಚೆ ದಂಡೆ ಮುಟ್ಟಬೇಕು. ಚಿಕ್ಕವನಿದ್ದಾಗ ಬೇಸಿಗೆ ಸೂಟಿಯಲ್ಲಿ ಅತ್ತೆಯ ಹಿಂದೆ ಕೊಡ ಹಿಡಿದುಕೊಂಡು ನಸುಕಿನಲ್ಲೇ ಅಲ್ಲಿಗೆ ಹೋಗುತ್ತಿದ್ದೆ. ಆಕೆ ಅತ್ತಿತ್ತ ನಾಲ್ಕು ಹೆಜ್ಜೆ ಓಡಾಡಿ, ಒಂದು ಕಡೆ ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ಉಸುಕು ಬಗೆಯುತ್ತಿದ್ದಳು. ಮೊದಲು ಬರುವುದು ಒಣ ಉಸುಕು, ತೆಗೆದಷ್ಟೂ ಜಾರಿ ಬಂದು ಕುಣಿ ಮುಚ್ಚುವಂಥದು. ಮೊಳಕೈ ಆಳಕ್ಕೆ ಹೋದ ಮೇಲೆ ಬಣ್ಣ ಕಂದುತ್ತಿತ್ತು, ಕುಣಿಯ ಗೋಡೆ ತಾನಾಗಿ ನಿಲ್ಲುತ್ತಿತ್ತು. ಇನ್ನೊಂದು ಗೇಣು ತೋಡಿದರೆ ತಳದಲ್ಲಿ ಸಣ್ಣಗೆ ನೀರು ಒಸರುತ್ತಿತ್ತು. ಅದೇ ವರತಿ. ಬಟ್ಟಲಲ್ಲಿ ತುಂಬಿ, ಸೆರಗಿನಲ್ಲಿ ಸೋಸಿ, ಕೊಡ ತುಂಬುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು.

‘ಅತ್ತೀ, ನೀರು ಇಲ್ಲೇ ಅದ ಅಂತ ಹ್ಯಾಂಗ ಗೊತ್ತಾಗ್ತದ?’ ಅಂತ ಒಮ್ಮೆ ಕೇಳಿದ್ದೆ.

‘ಕೊಮ್ಮಿ ಬಳ್ಳಿ ಎಲ್ಲಿ ಬಾಡಿಲ್ಲೊ ಅಲ್ಲಿ ತೋಡಬೇಕ್ ನೋಡಪ.’

ಆ ಲೆಕ್ಕ ಪ್ರತಿಸಲ ಸರಿ ಬರುತ್ತಿತ್ತು ಅಂತ ಹೇಳಲಾರೆ. ಎರಡು ಮೂರು ಕುಣಿ ಒಣಗಿಯೇ ಉಳಿದು, ಆಕೆ ಬೈದುಕೊಳ್ಳುತ್ತ ಬೇರೆ ಜಾಗ ಹುಡುಕಿದ್ದೂ ನೆನಪಿದೆ. ಆದರೆ ಉಸುಕಿನ ಮೇಲೆ ಹಸಿರಾಗಿ ನಿಂತ ಗಿಡ ಕೆಳಗಿನ ನೀರಿನ ಸುಳಿವು ಕೊಡುತ್ತದೆ ಅನ್ನುವ ಮಾತು ಮಾತ್ರ ಗಟ್ಟಿ. ಮರುಭೂಮಿ, ಕಡಲ ದಂಡೆ, ನಮ್ಮ ಬೇಸಿಗೆಯ ಹಳ್ಳ, ಎಲ್ಲಿ ನೋಡಿದರೂ ಉಸುಕಿನ ಹೂಗಳು ಬದುಕುವುದು ಆ ಗುಟ್ಟು ಹಿಡಿದೇ.

ಉಸುಕು ನೀರು ಹಿಡಿದಿಡುವುದಿಲ್ಲ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ನಿಜ. ಅದೇ 25 ಮಿಲಿಮೀಟರ್ ಮಳೆ ಒಣ ಉಸುಕಿನಲ್ಲಿ ಸುಮಾರು 30 ಸೆಂಟಿಮೀಟರ್ ಆಳಕ್ಕೆ ಇಳಿದರೆ, ಜಿಗುಟು ಮಣ್ಣಿನಲ್ಲಿ 10-12 ಸೆಂಟಿಮೀಟರಿನಲ್ಲೇ ನಿಂತುಬಿಡುತ್ತದೆ. ಮೇಲೇ ನಿಂತ ನೀರನ್ನು ಬಿಸಿಲು ಕುಡಿಯುತ್ತದೆ. ಆಳಕ್ಕಿಳಿದ ನೀರಿಗೆ ಅದರ ಕೈ ಎಟಕುವುದಿಲ್ಲ. ಉಸುಕಿನ ಕಣಗಳ ನಡುವಿನ ಸಂದು ದೊಡ್ಡದಾದ್ದರಿಂದ ಕೆಳಗಿನ ತೇವ ಮತ್ತೆ ಮೇಲೇರಿ ಬರುವುದೂ ಕಷ್ಟ. ಮೇಲಿನ ಗೇಣುದ್ದದ ಒಣ ಪದರ ಮುಚ್ಚಳದಂತೆ ಕೂತುಬಿಡುತ್ತದೆ. ನಮ್ಮ ಎರೆ ಹೊಲದವರು ಬಿರುಕು ಬಿಡುವ ಮುಂಚೆ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಪುಡಿ ಮಾಡುವುದು ಇದೇ ಮುಚ್ಚಳಕ್ಕಾಗಿ. ಉಸುಕಿಗೆ ಅದು ಹುಟ್ಟಿನಿಂದಲೇ ಬಂದಿದೆ.

ಜಿಗುಟು ಮಣ್ಣಿಗೆ ಇನ್ನೊಂದು ಗುಣವಿದೆ: ಅದು ನೀರಿನ ವಿಷಯದಲ್ಲಿ ಕಡು ಜಿಪುಣ. ಒಳಗೆ ಸಾಕಷ್ಟು ತೇವ ಇದ್ದರೂ ಬೇರಿಗೆ ಬಿಟ್ಟುಕೊಡುವುದಿಲ್ಲ. ಉಸುಕು ಇದ್ದದ್ದನ್ನೆಲ್ಲ ಸಲೀಸಾಗಿ ಬಿಡುತ್ತದೆ. ಮಳೆ ಕಡಿಮೆಯಾದಷ್ಟೂ ಗಿಡಕ್ಕೆ ಉಸುಕೇ ಮೇಲು ಎಂಬ ಈ ತಿರುಗುಮುರುಗು ನಿಯಮವನ್ನು ಇಸ್ರೇಲಿನ ಪರಿಸರ ವಿಜ್ಞಾನಿ ಇಮ್ಯಾನುಯೆಲ್ ನೊಯ್-ಮೈರ್ 1973ರಲ್ಲಿ ಬಿಡಿಸಿ ಬರೆದರು. ವರ್ಷಕ್ಕೆ 300ರಿಂದ 500 ಮಿಲಿಮೀಟರಿನ ಒಳಗೆ ಮಳೆ ಬೀಳುವ ಕಡೆ ಇದು ನಡೆಯುತ್ತದೆ. ಕಲಬುರಗಿ ಸೀಮೆಗೆ ಅದಕ್ಕಿಂತ ಹೆಚ್ಚು ಮಳೆ, ಹಾಗಾಗಿ ನಮ್ಮ ತೊಗರಿಗೆ ಎರೆ ಭೂಮಿಯೇ ಸರಿ. ಆದರೆ ಫೆಬ್ರುವರಿಯಿಂದ ಮೇ ಕೊನೆಯ ತನಕದ ನಮ್ಮ ಹಳ್ಳದ ಒಡಲನ್ನು ನೋಡಿ. ಉಸುಕಿನ ಮೈ 60 ಡಿಗ್ರಿ ದಾಟಿ ಕಾಯುತ್ತದೆ, ಮಳೆ ಬಲು ಅಪರೂಪ. ನಾಲ್ಕು ತಿಂಗಳ ಮಟ್ಟಿಗೆ ಅದು ಮರುಭೂಮಿಯೇ.

ಅತ್ತೆ ಹೇಳುತ್ತಿದ್ದ ಕೊಮ್ಮೆಯನ್ನು ಪಂಡಿತರು ಪುನರ್ನವ ಅನ್ನುತ್ತಾರೆ. ಬಿಸಿಲಿಗೆ ಮೇಲೆಲ್ಲ ಸುಟ್ಟು ಹೋಗಿ, ಮಳೆ ಬಿದ್ದೊಡನೆ ದಪ್ಪ ತಾಯಿಬೇರಿನಿಂದ ಮತ್ತೆ ಚಿಗುರುವುದಕ್ಕೆ ಅದಕ್ಕಿಂತ ಒಪ್ಪುವ ಹೆಸರಿಲ್ಲ. ಹೂವು ಮಾತ್ರ ಅಕ್ಕಿಕಾಳಿಗಿಂತ ಸಣ್ಣದು, ಕಡು ಗುಲಾಬಿ. ಬಗ್ಗಿ ನೋಡಿದವರಿಗಷ್ಟೇ ಕಾಣುತ್ತದೆ. ಕಾಯಿಗಳಿಗೆ ಅಂಟು. ಹಳ್ಳದಲ್ಲಿ ಓಡಾಡಿ ಬಂದ ಆಡಿನ ಕಾಲಿಗೆ, ಹುಡುಗರ ಪಾಯಿಜಾಮಿಗೆ ಹತ್ತಿಕೊಂಡು ಊರೆಲ್ಲ ತಿರುಗುತ್ತವೆ.

ಈ ಕೊಮ್ಮೆಗೆ ಅಮೆರಿಕದಲ್ಲಿ ಒಬ್ಬಳು ತಂಗಿಯಿದ್ದಾಳೆ, ಅಬ್ರೋನಿಯಾ. ಅಲ್ಲಿಯ ಜನ ಕರೆಯುವುದು ಸ್ಯಾಂಡ್ ವರ್ಬೀನಾ ಅಂತ, ಆದರೆ ವರ್ಬೀನಾಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಕೊಮ್ಮೆ, ನಮ್ಮ ಅಂಗಳದ ಸಂಜೆಮಲ್ಲಿಗೆ, ಬೂಗನ್‌ವಿಲ್ಲಾ, ಅಬ್ರೋನಿಯಾ ನಾಲ್ಕೂ ಒಂದೇ ಮನೆತನ. ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಉಸುಕಿನಲ್ಲಿ ಹಳದಿ ಹೂವಿನ ಅಬ್ರೋನಿಯಾ ಹಬ್ಬಿದರೆ, ಒಳನಾಡಿನ ಮರುಭೂಮಿಯಲ್ಲಿ ಗುಲಾಬಿ ಹೂವಿನ ಜಾತಿಯೊಂದು ಒಳ್ಳೆ ಮಳೆಯಾದ ವರ್ಷ ಮೈಲಿಗಟ್ಟಲೆ ನೆಲವನ್ನು ಮುಚ್ಚಿಬಿಡುತ್ತದೆ. 1786ರಲ್ಲಿ ಲಾ ಪೆರೂಸನ ಫ್ರೆಂಚ್ ಹಡಗುಗಳು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ತಂಗಿದ್ದಾಗ, ಜೊತೆಗಿದ್ದ ತೋಟಗಾರ ಕಾಲಿನ್ಯೊಂ ಅಲ್ಲಿಯ ಕಡಲ ದಂಡೆಯ ಅಬ್ರೋನಿಯಾ ಜಾತಿಯೊಂದರ ಬೀಜ ಆಯ್ದಿದ್ದ. ಮುಂದೆ ಆ ಹಡಗುಗಳು ಪೆಸಿಫಿಕ್ ಸಾಗರದಲ್ಲಿ ಒಡೆದುಹೋದವು. ತೋಟಗಾರನೂ ಮರಳಿ ಊರು ಕಾಣಲಿಲ್ಲ. ಅದಕ್ಕೂ ಮೊದಲೇ ಪ್ಯಾರಿಸ್ಸಿಗೆ ಕಳಿಸಿದ್ದ ಬೀಜ ಮಾತ್ರ ಅಲ್ಲಿ ಮೊಳೆತು ಹೂ ಬಿಟ್ಟಿತು.

ಅಬ್ರೋನಿಯಾದ ಮೈತುಂಬ ಅಂಟು ಕೂದಲು. ಗಾಳಿಗೆ ಹಾರಿ ಬಂದ ಉಸುಕು ಅದಕ್ಕೆ ಮೆತ್ತಿಕೊಂಡು, ಎಲೆ ಕಾಂಡಗಳೆಲ್ಲ ರವೆಯಲ್ಲಿ ಹೊರಳಿಸಿದ ಬಜ್ಜಿಯಂತೆ ಕಾಣುತ್ತವೆ. ಇದರಿಂದ ಗಿಡಕ್ಕೇನು ಲಾಭ? ಬಿಸಿಲು ತಡೆಯುವುದಕ್ಕಿರಬಹುದೇ, ನೆಲದ ಬಣ್ಣದಲ್ಲಿ ಅಡಗಿಕೊಳ್ಳುವುದಕ್ಕಿರಬಹುದೇ? 2016ರಲ್ಲಿ ಎರಿಕ್ ಲೊಪ್ರೆಸ್ಟಿ ಮತ್ತು ರಿಚರ್ಡ್ ಕಾರ್ಬನ್ ಎಂಬ ಸಂಶೋಧಕರು ಇದಕ್ಕೆ ಸರಳ ಪರೀಕ್ಷೆ ಮಾಡಿದರು. ಕೆಲವು ಎಲೆಗಳ ಉಸುಕು ತೆಗೆದು ಶುಚಿ ಮಾಡಿ ಬಿಟ್ಟರು, ಕೆಲವನ್ನು ಹಾಗೇ ಬಿಟ್ಟರು. ಹುಳುಗಳು ಶುಚಿಯಾದ ಎಲೆಗಳನ್ನು ಹೆಚ್ಚೂಕಡಿಮೆ ಎರಡು ಪಟ್ಟು ತಿಂದವು. ಆಮೇಲೆ ಅಡಗುವ ಆಟವೋ ಏನೋ ಎಂದು ನೋಡಲು ಕೆಲವು ಕಾಂಡಗಳಿಗೆ ನೆಲದ ಬಣ್ಣದ ಉಸುಕು, ಕೆಲವಕ್ಕೆ ಕಾಂಡದ್ದೇ ಹಸಿರು ಬಣ್ಣದ ಉಸುಕು ಮೆತ್ತಿದರು. ಎರಡೂ ಒಂದೇ ಸಮ ಉಳಿದವು. ಅಂದರೆ ಬಣ್ಣದ ಮಾತೇ ಅಲ್ಲ, ಹಲ್ಲಿನ ಮಾತು. ಅನ್ನದಲ್ಲಿ ಹರಳು ಕಡಿದವರಿಗೆ ಹುಳುವಿನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಓದಿದ ವರ್ಷ ಜುಲೈನಲ್ಲಿ ನಾನು ಭೂತಗನ್ನಡಿ ಹಿಡಿದು ಹಳ್ಳದ ದಂಡೆಗೆ ಹೋದೆ. ಹುಡುಕಿದ್ದು ನಾಯಿಸಾಸಿವೆಯನ್ನು. ಹಳದಿಯ ನಾಲ್ಕು ಎಸಳು, ಸಾಸಿವೆಯಂಥ ಉದ್ದ ಕಾಯಿ, ಮುಟ್ಟಿದರೆ ಕೈಗೆ ಅಂಟು, ಮೂಗಿಗೆ ಘಾಟು. ಎಲ್ಲರೂ ಕಿತ್ತೆಸೆಯುವ ಕಳೆ. ಗಡಿಯಾಚೆ ತೆಲುಗಿನವರೂ ಇದನ್ನು ‘ಕುಕ್ಕ ವಾಮಿಂಟ’ ಎಂದು ನಾಯಿಗೇ ಒಪ್ಪಿಸಿದ್ದಾರೆ. ಕೆಲಸಕ್ಕೆ ಬಾರದ್ದಕ್ಕೆಲ್ಲ ನಾಯಿಯ ಹೆಸರಿಡುವುದು ಎರಡೂ ಭಾಷೆಯ ರೂಢಿ. ಗಾಜಿನ ಕೆಳಗೆ ಅದರ ಕಾಂಡ ಬೇರೆಯೇ ಲೋಕ. ಒಂದೊಂದು ಕೂದಲ ತುದಿಗೂ ಒಂದೊಂದು ಹನಿ ಅಂಟು, ಮಳೆ ನಿಂತ ಮೇಲೆ ತಂತಿಯ ಮೇಲೆ ಉಳಿದ ಹನಿಗಳ ಸಾಲಿನಂತೆ. ನೆಲದಿಂದ ಒಂದು ಗೇಣಿನವರೆಗೆ ಆ ಹನಿಗಳಿಗೆ ಸಣ್ಣ ಉಸುಕು ಕಚ್ಚಿಕೊಂಡಿತ್ತು. ಬಿಳಿ, ಕಂದು, ನಡುವೆ ಗಾಜಿನಂಥ ಒಂದೆರಡು ಕಣ. ಮೇಲಿನ ಎಳೆ ತುದಿಯಲ್ಲಿ ಉಸುಕಿರಲಿಲ್ಲ, ಬದಲಿಗೆ ಎರಡು ಸಣ್ಣ ನೊಣ ಸಿಕ್ಕಿಬಿದ್ದು ಸತ್ತಿದ್ದವು. ಅಬ್ರೋನಿಯಾದ ಹಾಗೆ ಇದಕ್ಕೂ ಉಸುಕೇ ಕಾವಲು ಅಂತ ಒಂದು ಗಿಡ ನೋಡಿ ಹೇಳುವುದು ತಪ್ಪಾಗುತ್ತದೆ. ಆದರೆ ಉಸುಕು ತೊಳೆದು, ಎರಡು ವಾರ ಬಿಟ್ಟು ತೂತು ಎಣಿಸುವ ಈ ಪರೀಕ್ಷೆಗೆ ಬೇಕಾಗುವುದು ಒಂದು ತಂಬಿಗೆ ನೀರು, ಒಂದು ಬ್ರಶ್ಶು, ಒಂದಿಷ್ಟು ಬಣ್ಣದ ದಾರ. ನಮ್ಮ ಭಾಗದ ಯಾವ ಹೈಸ್ಕೂಲಿನ ಮಕ್ಕಳೂ ಮಾಡಬಹುದು.

ನೆಗ್ಗಿಲನ್ನು ಮಾತ್ರ ಯಾರೂ ಹುಡುಕಬೇಕಾಗಿಲ್ಲ, ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಕಾಲೇಜಿಗೆ ಸೈಕಲ್ ತುಳಿಯುತ್ತಿದ್ದ ದಿನಗಳಲ್ಲಿ ನನ್ನ ಪಂಕ್ಚರ್ ಖರ್ಚಿನ ಬಹುಪಾಲು ಈ ಮುಳ್ಳಿನದು. ಅದರ ಲ್ಯಾಟಿನ್ ಹೆಸರಾದ ಟ್ರಿಬ್ಯುಲಸ್ ಬಂದದ್ದು ಕುದುರೆ ದಂಡನ್ನು ತಡೆಯಲು ನೆಲಕ್ಕೆ ಚೆಲ್ಲುತ್ತಿದ್ದ ಕಬ್ಬಿಣದ ಮುಳ್ಳಿನಿಂದ. ಹೇಗೆ ಎಸೆದರೂ ಒಂದು ಮೊನೆ ಮೇಲೇ ಇರಬೇಕು, ಅದು ಆ ಆಯುಧದ ಕರಾಮತ್ತು. ನೆಗ್ಗಿಲ ಕಾಯಿ ಒಣಗಿ ಐದು ಹೋಳಾಗುತ್ತದೆ. ಪ್ರತಿ ಹೋಳಿಗೂ ಮುಳ್ಳು; ಪ್ರತಿ ಹೋಳಿನೊಳಗೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಬೀಜ. ಅವು ಒಟ್ಟಿಗೆ ಮೊಳೆಯುವುದಿಲ್ಲ. ಸಾಮಾನ್ಯವಾಗಿ ದೊಡ್ಡದು ಮೊದಲು ಏಳುತ್ತದೆ, ಉಳಿದವು ಮುಂದಿನ ಮಳೆಗೋ ಮುಂದಿನ ವರ್ಷಕ್ಕೋ ಕಾಯುತ್ತವೆ.

ಈ ಕಾಯುವುದರಲ್ಲೇ ಮರುಭೂಮಿಯ ಹೂಗಳ ಜಾಣತನವೆಲ್ಲ ಇದೆ ಅಂತ ನನಗನ್ನಿಸುತ್ತದೆ. ಡಚ್ ಮೂಲದ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ ಕ್ಯಾಲಿಫೋರ್ನಿಯಾದ ಮರುಭೂಮಿಯ ಮಣ್ಣು ತಂದು, ತಮ್ಮ ಪ್ರಯೋಗಶಾಲೆಯಲ್ಲಿ ಅದರ ಮೇಲೆ ಕೃತಕ ಮಳೆ ಸುರಿಸಿದರು. ನಾಲ್ಕು ಹನಿಗೆ ಏನೂ ಆಗಲಿಲ್ಲ. ಸುಮಾರು 25 ಮಿಲಿಮೀಟರ್ ಆದಾಗ ಬೀಜಗಳು ದಂಡಿಯಾಗಿ ಮೊಳೆತವು. ಮಜಾ ಇರುವುದು ಮುಂದೆ: ಅದೇ ಮಣ್ಣಿಗೆ ಕೆಳಗಿನಿಂದ ನೀರುಣಿಸಿ ಪೂರಾ ತೋಯಿಸಿದರೂ ಬೀಜಗಳು ಏಳಲಿಲ್ಲ. ತೇವ ಅಷ್ಟೇ ಇತ್ತು, ಆದರೆ ನೀರು ಮೇಲಿನಿಂದ ಕೆಳಗೆ ಹರಿದಿರಲಿಲ್ಲ. ಮೊಳಕೆಯನ್ನು ತಡೆಯುವ ರಾಸಾಯನಿಕ ತೊಳೆದುಹೋದರೆ ಮಾತ್ರ ಬೀಜ ಕಣ್ಣು ಬಿಡುತ್ತದೆ ಎಂದು ವೆಂಟ್ ವಿವರಿಸಿದರು. ಬೀಜ ಒಂದು ಮಳೆಮಾಪಕ ಇಟ್ಟುಕೊಂಡಂತಾಯಿತು.

ಒಳ್ಳೆ ಮಳೆ ಬಂದರೂ ಎಲ್ಲ ಬೀಜ ಏಳುವುದಿಲ್ಲವಲ್ಲ, ಅದೇಕೆ? ಇದಕ್ಕೆ 1966ರಲ್ಲಿ ಡ್ಯಾನ್ ಕೊಹೆನ್ ಎಂಬ ಜೀವವಿಜ್ಞಾನಿ ಲೆಕ್ಕ ಹಾಕಿ ಉತ್ತರ ಕೊಟ್ಟರು. ಕೆಟ್ಟ ವರ್ಷದಲ್ಲಿ ಮೊಳೆತದ್ದೆಲ್ಲ ಸತ್ತೇ ಹೋಗುತ್ತದೆ ಅಂದುಕೊಳ್ಳಿ. ಹತ್ತು ವರ್ಷದಲ್ಲಿ ಆರು ಒಳ್ಳೆಯವಾದರೆ, ಪ್ರತಿವರ್ಷ ಹತ್ತರಲ್ಲಿ ಸುಮಾರು ಆರು ಬೀಜ ಮೊಳೆತು ಉಳಿದವು ಮಣ್ಣಿನಲ್ಲೇ ಮಲಗಿರುವುದು ಆ ವಂಶಕ್ಕೆ ಲಾಭ. ನಮ್ಮ ರೈತರಿಗೆ ಇದು ಹೊಸದಲ್ಲ. ತೊಗರಿಯ ನಡುವೆ ಸಜ್ಜೆ, ಎಳ್ಳು, ಹೆಸರು ಅಕ್ಕಡಿ ಹಾಕಿ, ಒಂದು ಕೈ ಕೊಟ್ಟರೆ ಇನ್ನೊಂದು ಹಿಡಿಯಲಿ ಅನ್ನುವವರು ಅವರು. ಗಿಡ ಅದನ್ನು ಜಾತಿ ಬೆರೆಸಿ ಅಲ್ಲ, ವರ್ಷ ಬೆರೆಸಿ ಮಾಡುತ್ತದೆ.

ನೆಗ್ಗಿಲು ಕೊಮ್ಮೆಗಳಿಗೆ ಇನ್ನೊಂದು ಬಲವಿದೆ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳಲು ಎಲೆ ತನ್ನ ಸಣ್ಣ ಬಾಯಿಗಳನ್ನು ತೆರೆಯಲೇಬೇಕು, ತೆರೆದರೆ ನೀರು ಹೋಗುತ್ತದೆ. ಇವೆರಡೂ ಆ ಅನಿಲವನ್ನು ಮೊದಲು ಒಂದು ಕಡೆ ಹಿಡಿದು, ಇನ್ನೊಂದು ಕಡೆ ಒತ್ತಾಗಿ ತುಂಬಿ ಬಳಸುತ್ತವೆ. ಹಾಗಾಗಿ ಬಾಯಿ ಕಿರಿದಾಗಿ ತೆರೆದರೂ ಸಾಲುತ್ತದೆ. ಇದನ್ನು ಸಿ-4 ವಿಧಾನ ಅನ್ನುತ್ತಾರೆ. ಜೋಳ, ಸಜ್ಜೆ ಬಳಸುವುದೂ ಇದನ್ನೇ. ನಮ್ಮ ರೊಟ್ಟಿಯೂ ಸೈಕಲ್ ಪಂಕ್ಚರ್ ಮಾಡುವ ಮುಳ್ಳೂ ಒಂದೇ ವಿದ್ಯೆ ಕಲಿತವು ಅಂದಹಾಗಾಯಿತು.

ಎಕ್ಕಿಯದು ಬೇರೆ ಹಾದಿ. ಎಲೆಗೆ ಮೇಣದ ಬಿಳಿ ಪುಡಿ, ಒಳಗೆ ವಿಷದ ಹಾಲು. ಆಡೂ ಮುಟ್ಟದ ಆ ಎಲೆಯೇ ಶನಿವಾರ ಹಣಮಪ್ಪನ ಕೊರಳಿಗೆ ಹಾರ. ಅದನ್ನೂ ತಿನ್ನುವ ಒಂದು ಚಿಟ್ಟೆಯ ಹುಳುವಿದೆ, ಮೊದಲು ನರ ಕಡಿದು ಹಾಲು ಸೋರಿಸಿ ಆಮೇಲೆ ಊಟಕ್ಕೆ ಕೂರುತ್ತದೆ.

ಕಾರವಾರ, ಮಲ್ಪೆಯ ಕಡೆ ಹೋದವರು ಅಡುಂಬು ಬಳ್ಳಿಯನ್ನು ನೋಡಿರುತ್ತೀರಿ: ಆಡಿನ ಗೊರಸಿನಂಥ ಎಲೆ, ನೇರಳೆ ಗುಲಾಬಿಯ ತುತ್ತೂರಿ ಹೂ. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಉಸುಕಿನ ಮೇಲೆ ಹರಿಯುತ್ತದೆ, ಅದರ ಬೀಜ ಕಡಲಿನ ಮೇಲೆ ತೇಲುತ್ತಲೇ ಬೇರೆ ದೇಶ ಸೇರುತ್ತದೆ. ಅದರ ದಾಯಾದಿ ನಮ್ಮಲ್ಲೂ ಇದೆ. ದಕ್ಷಿಣ ಅಮೆರಿಕದಿಂದ ಬಂದು ಹಳ್ಳ ಕೆರೆಗಳ ದಂಡೆ ಹಿಡಿದು ಕೂತ, ಕಡಿದಲ್ಲೇ ಚಿಗುರುವ ಬೇಶರಮ್ ಗಿಡ. ನಾವೂ ಬಡ್ಡಿ ಸಮೇತ ತೀರಿಸಿದ್ದೇವೆ: ನಮ್ಮ ಕಡೆಯ ನೆಗ್ಗಿಲು ಅಮೆರಿಕಕ್ಕೆ ಹೋಗಿ ಅಲ್ಲಿಯ ಟೈರುಗಳಿಗೆ ಎಷ್ಟು ಕಾಟ ಕೊಟ್ಟಿತೆಂದರೆ, 1961ರಲ್ಲಿ ಅದರ ಬೀಜ ಕೊರೆಯುವ ಒಂದು ಸೊಂಡಿಲು ಹುಳುವನ್ನು ಅವರು ಇಟಲಿಯಿಂದ ತರಿಸಿ ಬಿಡಬೇಕಾಯಿತು.

ಅತ್ತೆಯ ಊರಿನ ಹಳ್ಳದಲ್ಲಿ ಈಗ ವರತಿ ತೋಡುವುದು ಕಷ್ಟ. ಉಸುಕು ಟ್ರ್ಯಾಕ್ಟರ್ ಏರಿ ಹೋಗಿ, ಹಲವು ಕಡೆ ಕೆಳಗಿನ ಬಂಡೆಯೇ ಕಾಣುತ್ತದೆ. ಮುಚ್ಚಳವೇ ಇಲ್ಲದ ಮೇಲೆ ಕೆಳಗೆ ಏನು ಉಳಿದೀತು? ಕೊಮ್ಮೆ ಹುಡುಕಿದೆ, ದಂಡೆಯ ಮೇಲ್ಗಡೆ ಎರಡು ಬುಡ ಸಿಕ್ಕವು.

ಹೋದ ವರ್ಷ ಕಲಬುರಗಿಯ ನಮ್ಮ ಓಣಿಯಲ್ಲಿ ಒಂದು ಮನೆ ಕಟ್ಟಲು ಎರಡು ಟ್ರಿಪ್ ಹೊಳೆ ಉಸುಕು ಹಾಕಿಸಿದ್ದರು. ಹಣದ ತೊಂದರೆಯೋ ಏನೋ, ಕೆಲಸ ನಿಂತು ಗುಡ್ಡೆ ರಸ್ತೆ ಬದಿಯಲ್ಲೇ ಉಳಿಯಿತು. ಜೂನಿನಲ್ಲಿ ಎರಡು ದೊಡ್ಡ ಮಳೆಯಾದವು. ಹತ್ತನೇ ದಿನಕ್ಕೆ ಗುಡ್ಡೆಯ ನೆತ್ತಿಯ ಮೇಲೆ ನೆಗ್ಗಿಲು ಕೈ ಚಾಚಿತ್ತು, ಬುಡದಲ್ಲಿ ನಾಯಿಸಾಸಿವೆ. ತಿಂಗಳು ಕಳೆಯುವಷ್ಟರಲ್ಲಿ ಎರಡೂ ಹಳದಿ ಹೂ ಬಿಟ್ಟು ನಿಂತವು. ಆಗಸ್ಟಿನಲ್ಲಿ ಕೆಲಸ ಮತ್ತೆ ಶುರುವಾದಾಗ ಗೌಂಡಿ ಗಿಡ ಕಿತ್ತು ಬದಿಗೆಸೆದು ಉಸುಕು ಸೋಸತೊಡಗಿದ. ಜಾಳಿಯ ಮೇಲೆ ಹರಳು, ಚಿಪ್ಪಿನ ಚೂರುಗಳ ಜೊತೆ ಹಿಡಿಯಷ್ಟು ನೆಗ್ಗಿಲ ಮುಳ್ಳು ಉಳಿದಿತ್ತು. ‘ಹುಷಾರ್ರೀ ಸರ, ಚಪ್ಪಲ್ ಹಾಕ್ಕೊಂಡು ಬರ್ರಿ,’ ಅಂತ ಅವನ್ನು ಸಲಿಕೆಯಿಂದ ಎತ್ತಿ ಗಟಾರದ ಕಡೆ ಚೆಲ್ಲಿದ.