ಗಡ್ಡೆಯೊಳಗಿನ ಆಮ್ಲ: ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದು ಮುಖ್ಯ

ಕ್ಯಾನ್ಸರ್ ಬಗ್ಗೆ ಓದಲು ಶುರು ಮಾಡಿದಾಗ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆದು ಕೆಳಗೆ ಗೆರೆ ಎಳೆದಿದ್ದೆ: "ಗಡ್ಡೆಯೊಳಗೆ ಆಮ್ಲಜನಕ ಸಾಲದು, ಅದಕ್ಕೇ ಅಲ್ಲಿ ಆಮ್ಲ ಜಾಸ್ತಿ." ಈಗ ಆ ಸಾಲಿನ ಪಕ್ಕ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇದೆ. ಅದನ್ನು ಹಾಕಿಸಿದ್ದು ರಾಬರ್ಟ್ ಗಿಲೀಸ್ ಮತ್ತು ಅವರ ಜೊತೆಗಾರರ ಕೆಲಸ. ಮೊದಲು ಅರಿಜೋನಾ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಫ್ಲಾರಿಡಾದ ಟ್ಯಾಂಪಾ ನಗರದ ಮೊಫಿಟ್ ಕ್ಯಾನ್ಸರ್ ಸೆಂಟರ್‌ನಲ್ಲಿ ಅವರು ಗಡ್ಡೆಯ ಆಮ್ಲದ ಬೆನ್ನು ಹತ್ತಿದವರು. ಈ ಟಿಪ್ಪಣಿ ಆ ಚಿಹ್ನೆಯ ಬಗ್ಗೆ.

ಮೊದಲು ಅಳತೆ

ರಕ್ತದ ಪಿಎಚ್ (ಆಮ್ಲದ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 7.4. ಆರೋಗ್ಯವಾಗಿರುವ ಅಂಗಾಂಶದಲ್ಲಿ ಕೋಶಗಳ ನಡುವಿನ ದ್ರವವೂ ಹೆಚ್ಚುಕಡಿಮೆ ಅಷ್ಟೇ. ಗಟ್ಟಿ ಗಡ್ಡೆಗಳಲ್ಲಿ ಅದು 6.5ರಿಂದ 6.9ರ ಆಸುಪಾಸಿಗೆ ಇಳಿಯುತ್ತದೆ. 7.4ಕ್ಕೂ 6.8ಕ್ಕೂ ಏನು ಮಹಾ ವ್ಯತ್ಯಾಸ ಅನಿಸುತ್ತೆ, ಅಲ್ವಾ? ಆದರೆ ಪಿಎಚ್ ಲಾಗರಿದಮ್ ಲೆಕ್ಕ. 0.6 ಇಳಿದರೆ ಹೈಡ್ರೋಜನ್ ಅಯಾನುಗಳು ಸುಮಾರು 4 ಪಟ್ಟಾಗುತ್ತವೆ. ಲೀಟರಿಗೆ 40 ನ್ಯಾನೋಮೋಲ್ ಇದ್ದದ್ದು 158 ಆಗುತ್ತದೆ.

ಇಲ್ಲಿ ನಾನು ಎಡವಿದ್ದು ಇನ್ನೊಂದು ಕಡೆ. ಆಮ್ಲ ಇರುವುದು ಕೋಶದ ಹೊರಗೆ. ಕ್ಯಾನ್ಸರ್ ಕೋಶದ ಒಳಗಿನ ಪಿಎಚ್ 7.2 ಅಥವಾ ಅದಕ್ಕೂ ತುಸು ಮೇಲೆಯೇ ಇರುತ್ತದೆ. ಮನೆ ಗುಡಿಸಿ ಕಸವನ್ನೆಲ್ಲ ಬೀದಿಗೆ ತಳ್ಳಿದ ಹಾಗೆ. ತಳ್ಳುವ ಕೆಲಸಕ್ಕೆ ಕೋಶದ ಪೊರೆಯಲ್ಲಿ ಪ್ರೋಟೀನುಗಳಿವೆ. ಎನ್‌ಎಚ್‌ಇ1 ಸೋಡಿಯಂ ಒಳಗೆ ತಂದು ಪ್ರೋಟಾನ್, ಅಂದರೆ ಹೈಡ್ರೋಜನ್ ಅಯಾನನ್ನು, ಹೊರಗೆ ಹಾಕುತ್ತದೆ. ಎಂಸಿಟಿ4, ಗ್ಲೂಕೋಸ್ ಒಡೆದಾಗ ಉಳಿಯುವ ಲ್ಯಾಕ್ಟೇಟ್ ಜೊತೆಗೆ ಪ್ರೋಟಾನನ್ನೂ ಸಾಗಿಸುತ್ತದೆ. ಸಿಎ9 ಅನ್ನೋ ಕಿಣ್ವ ಹೊರಗೆ ಬಂದ ಇಂಗಾಲದ ಡೈಆಕ್ಸೈಡನ್ನು ನೀರಿನ ಜೊತೆ ಸೇರಿಸಿ ಪ್ರೋಟಾನ್ ಮತ್ತು ಬೈಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ.

ಆಮ್ಲಜನಕ ಇಲ್ಲದಿದ್ದಾಗ, ಇದ್ದಾಗಲೂ

ಕನ್ನಡದಲ್ಲಿ ಆಕ್ಸಿಜನ್‌ಗೆ ಆಮ್ಲಜನಕ ಅನ್ನುತ್ತೇವೆ, ಅಂದರೆ ಆಮ್ಲ ಹುಟ್ಟಿಸುವುದು. ಇಲ್ಲಿ ನೋಡಿದರೆ ಅದು ಇಲ್ಲದಾಗ ಆಮ್ಲ ಹುಟ್ಟುತ್ತದೆ! ಹೆಸರಿನ ಈ ಎಡವಟ್ಟು ಪಾಠ ನೆನಪಿಟ್ಟುಕೊಳ್ಳಲು ನನಗೆ ಚೆನ್ನಾಗಿ ಉಪಯೋಗಕ್ಕೆ ಬಂತು.

1955ರಲ್ಲಿ ಥಾಮ್ಲಿನ್ಸನ್ ಮತ್ತು ಗ್ರೇ ಶ್ವಾಸಕೋಶದ ಕ್ಯಾನ್ಸರಿನ ತೆಳು ಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರು. ರಕ್ತನಾಳದ ಹತ್ತಿರದ ಕೋಶಗಳು ಚೆನ್ನಾಗಿದ್ದವು. ಸುಮಾರು 0.15ರಿಂದ 0.2 ಮಿಲಿಮೀಟರ್ ದೂರ ದಾಟಿದರೆ ಸತ್ತ ಕೋಶಗಳೇ. ಆಮ್ಲಜನಕ ಹರಡಿ ಹೋಗುವ ದೂರ ಅಷ್ಟೇ, ದಾರಿಯಲ್ಲಿರುವ ಕೋಶಗಳೇ ಅದನ್ನು ಬಳಸಿ ಮುಗಿಸುತ್ತವೆ. ಬದುಕಿದ ಮತ್ತು ಸತ್ತ ಕೋಶಗಳ ಗಡಿಯಲ್ಲಿ ಉಸಿರು ಬಿಗಿಹಿಡಿದು ಕೂತ ಕೋಶಗಳಿವೆಯಲ್ಲ, ಅವೇ ಹೈಪಾಕ್ಸಿಯಾ (ಆಮ್ಲಜನಕದ ಕೊರತೆ) ಇರುವ ಕೋಶಗಳು. ವಿಕಿರಣ ಚಿಕಿತ್ಸೆಗೆ ಇವು ಸುಲಭವಾಗಿ ಬಗ್ಗುವುದಿಲ್ಲ. ಅಷ್ಟೇ ಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕು.

ಆಮ್ಲಜನಕ ಕಡಿಮೆಯಾದರೆ ಹಿಫ್-1 ಅನ್ನೋ ಪ್ರೋಟೀನ್ ಒಡೆಯದೆ ಉಳಿದುಕೊಂಡು, ಗ್ಲೂಕೋಸ್ ಒಡೆಯುವ ಜೀನುಗಳನ್ನೂ ಸಿಎ9 ಜೀನನ್ನೂ ಎಬ್ಬಿಸುತ್ತದೆ. ಕೋಶ ಆಮ್ಲಜನಕದ ಮಟ್ಟವನ್ನು ಹೀಗೆ ಅರಿಯುವ ಬಗೆಯನ್ನು ಬಿಡಿಸಿದ್ದಕ್ಕೇ 2019ರ ನೊಬೆಲ್, ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆಂಝಾ ಅವರಿಗೆ. ಇಲ್ಲಿಯವರೆಗೆ ನನ್ನ ಹಳೇ ಸಾಲು ಸರಿಯಾಗೇ ಇದೆ.

ಆದರೆ 1920ರ ದಶಕದಲ್ಲೇ ಜರ್ಮನಿಯ ಆಟೊ ವಾರ್ಬರ್ಗ್ ಬೇರೆಯದನ್ನು ಕಂಡಿದ್ದರು. ಆಮ್ಲಜನಕ ಧಾರಾಳವಾಗಿ ಇದ್ದರೂ ಗಡ್ಡೆಯ ತುಣುಕುಗಳು ಗ್ಲೂಕೋಸನ್ನು ಲ್ಯಾಕ್ಟೇಟ್ ಮಾಡಿ ಸುರಿಯುತ್ತಿದ್ದವು. ಅಂದರೆ ಆಮ್ಲ ಹುಟ್ಟಲು ಆಮ್ಲಜನಕದ ಕೊರತೆಯೇ ಬೇಕು ಅಂತೇನಿಲ್ಲ. 1997ರಲ್ಲಿ ಸಂಶೋಧಕ ರಾಕೇಶ್ ಜೈನ್ ಅವರ ಗುಂಪು ಇಲಿಯ ಗಡ್ಡೆಯಲ್ಲಿ ಸೂಕ್ಷ್ಮವಾಗಿ ಪಿಎಚ್ ಮತ್ತು ಆಮ್ಲಜನಕ ಎರಡನ್ನೂ ಅಳೆಯಿತು. ನಾಳದಿಂದ ದೂರ ಹೋದಂತೆ ಎರಡೂ ಇಳಿಯುತ್ತವೆ, ನಿಜ. ಆದರೆ ಜಾಗ ಜಾಗಕ್ಕೆ ಹೋಲಿಸಿದರೆ ಒಂದಕ್ಕೊಂದು ತಾಳೆಯಾಗಲಿಲ್ಲ. ಯೋಚಿಸಿದರೆ ಅಚ್ಚರಿ ಇಲ್ಲ. ಆಮ್ಲಜನಕ ಬರಿದಾದ ರಕ್ತವೂ ಆಮ್ಲವನ್ನು ಹೊತ್ತುಕೊಂಡು ಹೋಗಬಲ್ಲದು. ನನ್ನ ಪ್ರಶ್ನಾರ್ಥಕ ಚಿಹ್ನೆ ಬಿದ್ದದ್ದು ಇಲ್ಲಿ.

ಕಿಟಕಿಯಿಂದ ನೋಡಿದಾಗ

ಗಿಲೀಸ್ ಮತ್ತು ಅವರ ಸಹೋದ್ಯೋಗಿ ರಾಬರ್ಟ್ ಗೇಟನ್‌ಬಿ ಅವರ ಪ್ರಶ್ನೆಯೇ ಬೇರೆ: ಇಷ್ಟೊಂದು ಆಮ್ಲ ಸುರಿದು ಕ್ಯಾನ್ಸರ್ ಕೋಶಕ್ಕೆ ಸಿಗುವುದೇನು? ಅವರ ಉತ್ತರ: ನೆಲ. ಅಕ್ಕಪಕ್ಕದ ಸಾಮಾನ್ಯ ಕೋಶಗಳು ಆಮ್ಲ ತಾಳಲಾರದೆ ಸಾಯುತ್ತವೆ, ಕೋಶಗಳ ನಡುವಿನ ಹಂದರ ಕರಗುತ್ತದೆ. ಕ್ಯಾನ್ಸರ್ ಕೋಶಕ್ಕೆ ಮಾತ್ರ ಆ ಹುಳಿ ರೂಢಿಯಾಗಿರುತ್ತದೆ.

ಇದಕ್ಕೆ 2013ರಲ್ಲಿ ಈ ಗುಂಪು ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಇಲಿಯ ಬೆನ್ನಿನ ಚರ್ಮದಲ್ಲಿ ಪುಟ್ಟ ಗಾಜಿನ ಕಿಟಕಿ ಕೂರಿಸಿ, ಅದರ ಕೆಳಗೆ ಮನುಷ್ಯರ ಕ್ಯಾನ್ಸರ್ ಕೋಶಗಳ ಗಡ್ಡೆ ಬೆಳೆಸಿದರು. ಪಿಎಚ್‌ಗೆ ತಕ್ಕಂತೆ ಬೆಳಕಿನ ಬಣ್ಣ ಬದಲಿಸುವ ಡೈ ಹಾಕಿ ಗಡ್ಡೆಯ ಅಂಚಿನ ಸುತ್ತ ಆಮ್ಲದ ನಕ್ಷೆ ತೆಗೆದರು. ಆಮೇಲೆ ಕಾದರು. ಗಡ್ಡೆ ಎಲ್ಲ ಕಡೆಗೂ ಸಮವಾಗಿ ಉಬ್ಬಲಿಲ್ಲ. ಅಂಚಿನಲ್ಲಿ ಪಿಎಚ್ ಎಲ್ಲಿ ತೀರಾ ಕಡಿಮೆ ಇತ್ತೋ ಅಲ್ಲೇ ಅದು ಮುಂದಕ್ಕೆ ನುಗ್ಗಿತು. ಪಿಎಚ್ ಸಾಮಾನ್ಯವಾಗಿದ್ದ ಕಡೆಗೆ ಹೋಗಲೇ ಇಲ್ಲ. ಗಡ್ಡೆಗೆಲ್ಲ ಸೇರಿ ಒಂದು ಸರಾಸರಿ ಪಿಎಚ್ ಕೊಟ್ಟಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಕಿಟಕಿ ಇಲ್ಲದೆ ನೋಡುವುದು

ಮನುಷ್ಯರಿಗೆ ಕಿಟಕಿ ಕೂರಿಸಲು ಆಗುವುದಿಲ್ಲವಲ್ಲ. ಆದ್ದರಿಂದ ಚಿತ್ರಣ.

ಪೆಟ್ ಸ್ಕ್ಯಾನಿನಲ್ಲಿ ಬಳಸುವ ಎಫ್‌ಡಿಜಿ ಅನ್ನೋ ವಿಕಿರಣಶೀಲ ಅಣು, ಗ್ಲೂಕೋಸ್ ಎಲ್ಲಿ ಜಾಸ್ತಿ ಒಳಗೆ ಹೋಗುತ್ತಿದೆ ಅಂತ ತೋರಿಸುತ್ತದೆ. ಆಮ್ಲವನ್ನೂ ಆಮ್ಲಜನಕವನ್ನೂ ಅದು ನೇರವಾಗಿ ತೋರಿಸುವುದಿಲ್ಲ. ಈ ಗೊಂದಲ ಬಹಳ ಜನಕ್ಕೆ ಇದೆ. ಹೈಪಾಕ್ಸಿಯಾಗೆ ಎಫ್‌ಮೈಸೊ ಅನ್ನೋ ಬೇರೆ ಪೆಟ್ ಅಣು ಇದೆ. ಆಮ್ಲಜನಕ ತೀರಾ ಕಡಿಮೆ ಇರುವ, ಆದರೆ ಜೀವಂತ ಇರುವ ಕೋಶದಲ್ಲಿ ಮಾತ್ರ ಅದು ಸಿಕ್ಕಿಹಾಕಿಕೊಳ್ಳುತ್ತದೆ.

ಪಿಎಚ್‌ಗೆ ನನಗೆ ಜಾಣತನದ್ದು ಅನಿಸಿದ ವಿಧಾನ ಸೆಸ್ಟ್ ಎಂಆರ್‌ಐ. ಐಯೋಪಮಿಡಾಲ್ ಅನ್ನೋದು ಸಿಟಿ ಸ್ಕ್ಯಾನ್‌ಗೆ ವರ್ಷಗಳಿಂದ ಬಳಸುತ್ತಿರುವ ದ್ರಾವಣ. ಅದರ ಅಣುವಿನಲ್ಲಿ ಎರಡು ಬಗೆಯ ಪ್ರೋಟಾನುಗಳು ಸುತ್ತಲಿನ ನೀರಿನೊಂದಿಗೆ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ಅದಲುಬದಲಿನ ವೇಗ ಪಿಎಚ್ ಮೇಲೆ ನಿಂತಿದೆ, ಎರಡಕ್ಕೂ ಬೇರೆ ಬೇರೆ ರೀತಿ. ಎರಡರ ಸಂಕೇತಗಳ ಅನುಪಾತ ತೆಗೆದರೆ ಪಿಎಚ್ ಸಿಗುತ್ತದೆ. ದ್ರಾವಣ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ತಲುಪಿದ್ದರೂ ಅನುಪಾತಕ್ಕೆ ಅದರ ಗೊಡವೆ ಇಲ್ಲ.

ನೋಡದೆ ಔಷಧ ಕೊಟ್ಟರೆ ಏನಾಗಬಹುದು ಅನ್ನೋದಕ್ಕೆ ಎವೊಫಾಸ್ಫಮೈಡ್ ನೆನಪಿಡಿ. ಹೈಪಾಕ್ಸಿಯಾ ಇರುವ ಕಡೆ ಮಾತ್ರ ವಿಷವಾಗುವ ಔಷಧ ಅದು. 2015ರಲ್ಲಿ ಅದರ ಎರಡು ದೊಡ್ಡ ಮೂರನೇ ಹಂತದ ಪರೀಕ್ಷೆಗಳು ಸೋತವು. ಯಾರ ಗಡ್ಡೆಯಲ್ಲಿ ಹೈಪಾಕ್ಸಿಯಾ ಇದೆ ಅಂತ ನೋಡಿ ರೋಗಿಗಳನ್ನು ಆರಿಸಿರಲಿಲ್ಲ. ಸೋಲಿಗೆ ಇದೊಂದೇ ಕಾರಣ ಅನ್ನಲಾರೆ, ಆದರೆ ಇದು ಸಣ್ಣ ಕಾರಣವೂ ಅಲ್ಲ ಅಂತ ನನ್ನ ಅನಿಸಿಕೆ.

ಸೋಡಾ ವಿಷಯ

ಇದನ್ನು ಬರೆಯದೆ ಬಿಡುವ ಹಾಗಿಲ್ಲ. 2009ರಲ್ಲಿ ಗಿಲೀಸ್ ಗುಂಪು ಇಲಿಗಳಿಗೆ ಕುಡಿಯುವ ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾ, ಕೊಟ್ಟಿತು. ಗಡ್ಡೆಯ ಪಿಎಚ್ ಏರಿತು, ಸ್ತನ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡುವುದು ಕಡಿಮೆಯಾಯಿತು. ಮೂಲ ಗಡ್ಡೆ ಮಾತ್ರ ಚಿಕ್ಕದಾಗಲಿಲ್ಲ. ಬಾಯಿಂದ ಬಾಯಿಗೆ ಹರಡುವಾಗ ಈ ಕೊನೇ ಸಾಲು ಉದುರಿ "ಸೋಡಾ ಕ್ಯಾನ್ಸರ್ ವಾಸಿ ಮಾಡುತ್ತೆ" ಅಂತ ಆಗಿಬಿಟ್ಟಿದೆ. ಇಲಿಗಳಿಗೆ ಕೊಟ್ಟದ್ದು 200 ಮಿಲಿಮೋಲಾರ್, ಅಂದರೆ ಲೀಟರ್ ನೀರಿಗೆ ಸುಮಾರು 17 ಗ್ರಾಂ. ಮನುಷ್ಯರಲ್ಲಿ ಪ್ರಯತ್ನಿಸಿದಾಗ ಜನ ಆ ರುಚಿ ತಾಳಲಾರದೆ ನಿಲ್ಲಿಸಿದರು. ಇಷ್ಟು ಸೋಡಾ ರಕ್ತದ ಲವಣಗಳನ್ನು ಏರುಪೇರು ಮಾಡಿ ಅಪಾಯ ತರಬಲ್ಲದು. ಇನ್ನು "ಕ್ಷಾರೀಯ ಆಹಾರ"ದಿಂದ ರಕ್ತದ ಪಿಎಚ್ ಬದಲಾಗುವುದಿಲ್ಲ, ಶ್ವಾಸಕೋಶ ಮತ್ತು ಮೂತ್ರಪಿಂಡ ಅದನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತವೆ.

ಕೊನೆಗೆ ಒಂದು ಲೆಕ್ಕ

ಎಂಆರ್‌ಐ ಚಿತ್ರದ ಒಂದು ಚುಕ್ಕೆಯನ್ನು 1 ಮಿಲಿಮೀಟರ್ ಘನ ಅಂದುಕೊಳ್ಳಿ. ಕೋಶ ಒಂದಕ್ಕೆ 10 ಮೈಕ್ರೋಮೀಟರ್ ಅಗಲ ಹಿಡಿದರೆ ಅದರೊಳಗೆ ಸುಮಾರು 10 ಲಕ್ಷ ಕೋಶಗಳು ಹಿಡಿಸುತ್ತವೆ. ಚೆನ್ನಾಗಿ ಉಸಿರಾಡುವ ಕೋಶದಿಂದ ಸತ್ತ ಕೋಶದವರೆಗಿನ ದೂರ 0.2 ಮಿಲಿಮೀಟರ್ ಅಂತ ಮೇಲೆ ನೋಡಿದೆವು. ಅಂದರೆ ಇಡೀ ಕತೆ ಒಂದೇ ಚುಕ್ಕೆಯೊಳಗೆ ಮುಗಿದುಹೋಗಬಹುದು. ಹಾಗಾಗಿ ಗಿಲೀಸ್ ಗುಂಪು ಇಲಿಗಳಲ್ಲಿ ಗಡ್ಡೆಯ ಆಕಾರಕ್ಕೇ 3ಡಿ ಪ್ರಿಂಟರಿನಲ್ಲಿ ಅಚ್ಚು ಮಾಡಿ, ಸ್ಕ್ಯಾನ್ ತೆಗೆದ ಅದೇ ಕೋನದಲ್ಲಿ ಗಡ್ಡೆಯನ್ನು ಸೀಳಿ, ಹೈಪಾಕ್ಸಿಯಾ ತೋರಿಸುವ ಬಣ್ಣ ಹಾಕಿ, ಚಿತ್ರವನ್ನೂ ಸೀಳನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡುತ್ತದೆ.