ಹೊರಗೆ ಹಿಮ, ಒಳಗೆ ಕರಿಬೇವು

ಡೆಟ್ರಾಯಿಟ್ ಹತ್ತಿರದ ನಮ್ಮ ಮನೆಯಲ್ಲಿ ನಾನು ಸಾಯಿಸಿದ ಮೊದಲ ಗಿಡ ಕರಿಬೇವು. ಚಳಿಗೆ ಸತ್ತಿತು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಮನೆಯೊಳಗೆ ಹೀಟರ್ ಹಗಲೂ ರಾತ್ರಿ 21 ಡಿಗ್ರಿಯಲ್ಲಿ ಓಡುತ್ತಿತ್ತು, ಬೆಂಗಳೂರಿನ ಡಿಸೆಂಬರ್ ರಾತ್ರಿಗಿಂತ ಬೆಚ್ಚಗೆ. ಇನ್ನೆಲ್ಲಿಯ ಚಳಿ? ಕುಂಡದಿಂದ ಗಿಡ ಕಿತ್ತು ನೋಡಿದಾಗ ವಿಷಯ ಗೊತ್ತಾಯಿತು. ಬೇರು ಕಂದು ತಿರುಗಿತ್ತು. ಮೆಲ್ಲಗೆ ಎಳೆದರೆ ಸಿಪ್ಪೆಯೆಲ್ಲ ಬೆರಳಿಗೆ ಬಂದು ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಮಣ್ಣಿಗೆ ಚರಂಡಿ ವಾಸನೆ. ಎರಡು ದಿನಕ್ಕೊಮ್ಮೆ ಪ್ರೀತಿಯಿಂದ ನೀರು ಹಾಕಿ ಹಾಕಿ ನಾನೇ ಕೊಳೆಸಿದ್ದೆ.

ಇಲ್ಲಿ ಒಂದು ಗಿಡ ಹೋದರೆ ಊರಿಂದ ಇನ್ನೊಂದು ತರೋಣ ಅನ್ನುವ ಹಾಗಿಲ್ಲ. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬದ್ದು. ಕಿತ್ತಳೆ ತೋಟಗಳನ್ನು ಹಾಳು ಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಸಿಟ್ರಸ್ ಸಿಲ್ಲಾ ಅನ್ನೋ ಪುಟ್ಟ ಕೀಟಕ್ಕೆ ಕರಿಬೇವಿನ ಚಿಗುರು ಅಂದರೆ ಬಲು ಇಷ್ಟ. ಅದಕ್ಕೇ ಹೊರದೇಶದಿಂದ ಕರಿಬೇವಿನ ಗಿಡ ತರುವುದಕ್ಕೆ ಅಮೆರಿಕದಲ್ಲಿ ಇಷ್ಟು ಕಟ್ಟುನಿಟ್ಟು. ಇದ್ದದ್ದನ್ನೇ ಉಳಿಸಿಕೊಳ್ಳಬೇಕು.

ಅಸಲಿ ತೊಂದರೆ ಬೆಳಕಿನದು. ಡಿಸೆಂಬರ್ 21ರ ನಡು ಮಧ್ಯಾಹ್ನ ಬೆಂಗಳೂರಲ್ಲಿ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಡೆಟ್ರಾಯಿಟ್‌ನಲ್ಲಿ ಬರೀ 24. ಹಗಲು 9 ಗಂಟೆ, ಅದರಲ್ಲೂ ಹೆಚ್ಚಿನ ದಿನ ಮೋಡ. ಬೆಳಕಿನ ಅಳತೆಯಾದ ಲಕ್ಸ್ ಲೆಕ್ಕದಲ್ಲಿ ಬಯಲಿನ ಬಿಸಿಲು ಸುಮಾರು 1 ಲಕ್ಷ ಆದರೆ ಹಾಲ್‌ನ ಸೋಫಾ ಪಕ್ಕ ಕೆಲವು ನೂರು ಇದ್ದರೆ ಹೆಚ್ಚು. ನಮ್ಮ ಕಣ್ಣು ತಾನಾಗೇ ಹೊಂದಿಕೊಳ್ಳುವುದರಿಂದ ನಮಗೆ ಇಷ್ಟೊಂದು ವ್ಯತ್ಯಾಸ ಇದೆ ಅಂತಲೇ ಅನಿಸುವುದಿಲ್ಲ, ಗಿಡಕ್ಕೆ ಆ ಸೌಕರ್ಯ ಇಲ್ಲ ಅಲ್ವಾ. ಬೆಳಕು ಇಳಿದರೆ ಅದು ಅಡುಗೆ ಮಾಡೋದು ಕಡಿಮೆ, ನೀರು ಕುಡಿಯೋದೂ ಕಡಿಮೆ. ಬೇಸಿಗೆಯ ಲೆಕ್ಕದಲ್ಲೇ ಸುರಿದರೆ ನೀರು ಕುಂಡದಲ್ಲೇ ಕೂತಿರುತ್ತದೆ. ಬೇರೂ ಉಸಿರಾಡಬೇಕು, ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10 ಸಾವಿರ ಪಟ್ಟು ನಿಧಾನ. ಉಸಿರು ಕಟ್ಟಿದ ಬೇರು ನೀರು ಎಳೆಯುವುದಿಲ್ಲ, ಎಲೆ ಬಾಡುತ್ತದೆ, ಬಾಡಿದ್ದು ನೋಡಿ ಪಾಪ ಅಂತ ಇನ್ನೊಂದು ಚೊಂಬು ಹಾಕುತ್ತೇವೆ. ಅಲ್ಲಿಗೆ ಕಥೆ ಮುಗಿಯಿತು.

ಈಗ ನಾನು ಕ್ಯಾಲೆಂಡರ್ ನೋಡುವುದಿಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸುತ್ತೇನೆ. ಮಣ್ಣು ತಣ್ಣಗೆ ಅಂಟಿಕೊಂಡರೆ ಅವತ್ತು ನೀರು ಹಾಕುವುದಿಲ್ಲ. ಅಮ್ಮ ಫೋನಲ್ಲಿ "ಗಿಡಕ್ಕೆ ನೀರು ಹಾಕಿದ್ಯಾ?" ಅಂದರೆ ಹೂಂ ಅಂದುಬಿಡುತ್ತೇನೆ.

ತಮಾಷೆ ಅಂದರೆ ಮಣ್ಣು ಹಸಿಯಾಗಿದ್ದರೂ ಗಾಳಿ ಮಾತ್ರ ಒಣ. ಹೊರಗೆ ಮೈನಸ್ 10 ಇದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 2 ಗ್ರಾಂ ಚಿಲ್ಲರೆ ನೀರಾವಿ ಇರಬಹುದು. ಅದೇ ಗಾಳಿ ಒಳಗೆ ಬಂದು 21 ಡಿಗ್ರಿಗೆ ಕಾದಾಗ 18 ಗ್ರಾಂ ಹಿಡಿಯಬಲ್ಲದು, ಆದರೆ ಇರೋದು ಅದೇ 2 ಗ್ರಾಂ. ಅಂದರೆ ತೇವಾಂಶ ಶೇ. 13ರ ಆಸುಪಾಸು. ಸ್ಪ್ರೇ ಬಾಟಲಿಯಲ್ಲಿ ಚಿಮುಕಿಸಿದರೆ ಆಯ್ತು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದು ಸುಮ್ನೆ ಮನಸ್ಸಿನ ಸಮಾಧಾನ, ಸ್ವಲ್ಪ ಹೊತ್ತಿಗೆ ಎಲ್ಲಾ ಆರಿಹೋಗುತ್ತದೆ. ಗಾಳಿಗೆ ತೇವ ಸೇರಿಸುವ ಒಂದು ಹ್ಯುಮಿಡಿಫೈಯರ್ ಇಡಿ, ಬಿಸಿಗಾಳಿ ಬರುವ ಕಿಂಡಿಯಿಂದ ಕುಂಡ ದೂರ ಸರಿಸಿ. ಈ ಒಣಹವೆ ಎಲೆಯ ರಸ ಹೀರುವ ನುಸಿಗೆ (ಸ್ಪೈಡರ್ ಮೈಟ್) ಹಬ್ಬ. ಎಲೆ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ, ಉದುರಿದ ಧೂಳಿನ ಚುಕ್ಕಿಗಳು ನಡೆದಾಡಲು ಶುರುಮಾಡಿದರೆ ಅದೇ ನುಸಿ. ನಾಳೆ ಒಗ್ಗರಣೆಗೆ ಬೀಳುವ ಎಲೆಗೆ ಔಷಧಿ ಹೊಡೆಯಲು ನನಗೆ ಮನಸ್ಸಿಲ್ಲ. ಗಿಡವನ್ನು ಬಚ್ಚಲಿಗೆ ಒಯ್ದು ಎಲೆಯ ಅಡಿಭಾಗಕ್ಕೆ ಶವರ್ ಬಿಡುತ್ತೇನೆ, ವಾರಕ್ಕೊಮ್ಮೆ.

ಇಷ್ಟೆಲ್ಲ ಮಾಡಿದರೂ ಜನವರಿಯಲ್ಲಿ ಎಲೆ ಉದುರಬಹುದು. ಗಾಬರಿ ಬೇಡ. 16 ಡಿಗ್ರಿಗಿಂತ ಕೆಳಗೆ ಹೋದರೆ ಕರಿಬೇವಿನ ಮೊಗ್ಗು ನಿದ್ದೆಗೆ ಜಾರುತ್ತದೆ, ಕಿಟಕಿ ಗಾಜಿನ ಪಕ್ಕ ರಾತ್ರಿ ಅಷ್ಟು ತಣ್ಣಗಾಗುವುದು ಸಾಮಾನ್ಯ. ಊರಲ್ಲೂ ಇದು ಇದ್ದದ್ದೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯುಡಿ-1 ತಳಿ ಚಳಿಗಾಲದಲ್ಲಿ ಸರಿಯಾಗಿ ಚಿಗುರುವುದಿಲ್ಲ, ಡಿಡಬ್ಲ್ಯುಡಿ-2 ಅಷ್ಟು ಮುನಿಯುವುದಿಲ್ಲ. ಬೋಳು ಗಿಡವನ್ನು ಎಸೆಯುವ ಮೊದಲು ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವ ಇದೆ. ಗೊಬ್ಬರ ಹಾಕಿ ಎಬ್ಬಿಸಲು ಹೋಗಬೇಡಿ, ಗಿಡಗಳಿಗೆಂದೇ ಮಾಡಿದ ಎಲ್‌ಇಡಿ ಗ್ರೋ ಲೈಟ್ ಇದ್ದರೆ ದಿನಕ್ಕೆ 12 ಗಂಟೆ ಒಂದಡಿ ಮೇಲಿಂದ ಬಿಡಿ, ಇಲ್ಲದಿದ್ದರೆ ದಕ್ಷಿಣದ ಕಿಟಕಿಯಲ್ಲಿಟ್ಟು ಕಾಯಿರಿ.

ನನ್ನ ಎರಡನೇ ಗಿಡ ಆರು ವಾರ ಬರೀ ಕಡ್ಡಿಯಾಗಿ ನಿಂತಿತ್ತು. ಫೆಬ್ರವರಿ ಕೊನೆಗೆ ತುದಿಯಲ್ಲಿ ಅಕ್ಕಿಕಾಳಿನಷ್ಟು ಚಿಗುರು ಬಂತು. ಮೂಸಿದರೆ ಆಗಲೇ ಘಮ ಇತ್ತು. ಅವತ್ತಿನ ಸಾರಿಗೆ ಫ್ರೀಜರಿನ ಎಲೆಯನ್ನೇ ಹಾಕಿದೆ.