ಗೊಬ್ಬರದ ಲೆಕ್ಕದಲ್ಲಿ ಮಾರಿಹೋದ ಊರು

ನೆದರ್‌ಲ್ಯಾಂಡ್ಸ್‌ನ ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಕರಾವಳಿ ರೊಟ್ಟಿ ತಟ್ಟಿದ ಹಾಗೆ ಸಪಾಟು. ಅಲ್ಲಿ ಹೇಗೆಬೈಂಟಮ್ ಎಂಬ ಊರಿದೆ. ನೂರು ಜನವೂ ಇಲ್ಲ. ಹೆಸರಿನಲ್ಲಿರುವ ‘ಹೇಗೆ’ ನಮ್ಮ ಪ್ರಶ್ನೆಯಲ್ಲ. ಫ್ರೀಸಿಯನ್ ಭಾಷೆಯಲ್ಲಿ ಅದಕ್ಕೆ ‘ಎತ್ತರದ’ ಅಂತ ಅರ್ಥ. ಎಷ್ಟು ಎತ್ತರ? ಸಮುದ್ರಮಟ್ಟಕ್ಕಿಂತ ಸುಮಾರು 8.8 ಮೀಟರ್. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಇದು ಮನುಷ್ಯರು ಹೊತ್ತು ಸುರಿದ ಮಣ್ಣು. ಆ ದೇಶದ ಇಂಥ ದಿಬ್ಬಗಳಲ್ಲೆಲ್ಲ ಅತಿ ಎತ್ತರದ್ದು ಇದೇ.

ದಿಬ್ಬಕ್ಕೆ ಅಲ್ಲಿ ‘ಟೆರ್ಪ್’ ಎನ್ನುತ್ತಾರೆ. ಹಳೆಯ ಫ್ರೀಸಿಯನ್‌ನಲ್ಲಿ ಆ ಪದಕ್ಕೆ ‘ಊರು’ ಎಂದೇ ಅರ್ಥವಿತ್ತು. ಕ್ರಿ.ಪೂ. 600ರ ಸುಮಾರಿಗೆ ಈ ಕರಾವಳಿಗೆ ಜನ ಬಂದಾಗ ಕಡಲಿಗೆ ಒಡ್ಡು ಇರಲಿಲ್ಲ. ದನಗಳಿಗೆ ಒಳ್ಳೆಯ ಹುಲ್ಲೇನೋ ಇತ್ತು, ಆದರೆ ಬಿರುಗಾಳಿ ಎದ್ದರೆ ನೀರು ಅಂಗಳಕ್ಕೇ ಬರುತ್ತಿತ್ತು. ಅದಕ್ಕೆ ಜೇಡಿಮಣ್ಣು, ಹುಲ್ಲುಹೆಂಟೆ, ಸಗಣಿ, ಮನೆಯ ಕಸ ಎಲ್ಲವನ್ನೂ ಪೇರಿಸಿ ಅದರ ಮೇಲೆ ಮನೆ ಕಟ್ಟಿದರು. ಮಕ್ಕಳು, ಮೊಮ್ಮಕ್ಕಳು ಇನ್ನಷ್ಟು ಸುರಿದರು. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಈ ಕರಾವಳಿಯ ಚೌಕಿ ಎಂಬ ಜನರ ಬಗ್ಗೆ ಬರೆದಿದ್ದಾನೆ: ನೀರು ಏರಿದಾಗ ಅವರು ಹಡಗಿನಲ್ಲಿ ಹೊರಟವರಂತೆ, ಇಳಿದಾಗ ಹಡಗು ಒಡೆದುಕೊಂಡವರಂತೆ ಕಾಣುತ್ತಾರಂತೆ. ಅವನ ಮಾತಿನಲ್ಲಿ ಕನಿಕರ ಜಾಸ್ತಿ. ಆ ಕೆಲಸದ ಹಿಂದಿನ ಜಾಣತನ ಅವನಿಗೆ ಅಷ್ಟಾಗಿ ಕಾಣಲಿಲ್ಲ.

ಸುಮಾರು ಸಾವಿರ ವರ್ಷಗಳ ಹಿಂದೆ ಕಡಲಿಗೆ ಒಡ್ಡು ಕಟ್ಟತೊಡಗಿದರು. ಊರು ಕಾಯುವ ಕೆಲಸ ಮೆಲ್ಲಗೆ ದಿಬ್ಬದಿಂದ ಒಡ್ಡಿಗೆ ಹೋಯಿತು.

ದಿಬ್ಬಕ್ಕೆ ಕುತ್ತು ಬಂದದ್ದು ಕಡಲಿನಿಂದಲ್ಲ, ವ್ಯಾಪಾರದಿಂದ. ಶತಮಾನಗಳ ಸಗಣಿ, ಮೂಳೆ, ಬೂದಿ ಕೊಳೆತ ಆ ಮಣ್ಣು ಒಂದು ದೊಡ್ಡ ತಿಪ್ಪೆಯೇ ತಾನೆ! 19ನೇ ಶತಮಾನದಲ್ಲಿ ಮರಳು ನೆಲದ ರೈತರು ಅದಕ್ಕೆ ದುಡ್ಡು ಕೊಡತೊಡಗಿದರು. ದಿಬ್ಬಗಳನ್ನು ಅಗೆದು, ಕಾಲುವೆಯಲ್ಲಿ ದೋಣಿಗಟ್ಟಲೆ ಮಣ್ಣು ಸಾಗಿಸಿದರು. ಹೇಗೆಬೈಂಟಮ್‌ನ ಸರದಿ ಬಂದದ್ದು 1900ರ ಆಸುಪಾಸಿನಲ್ಲಿ. ಅಗೆಯುವಾಗ ಮಧ್ಯಯುಗದ ಆರಂಭಕಾಲದ ಸಮಾಧಿಗಳೇ ಸಿಕ್ಕವು. ಈ ಕರಾವಳಿಯ ಪುರಾತನ ಬದುಕಿನ ಬಗ್ಗೆ ತಿಳಿದದ್ದರಲ್ಲಿ ಎಷ್ಟೋ ಭಾಗ ಇಂಥ ಗುದ್ದಲಿಗಳ ಬಾಯಿಂದಲೇ ಬಂದದ್ದು.

ಚರ್ಚು ಮತ್ತು ಅದರ ಸುತ್ತಲಿನ ಸ್ಮಶಾನ ಇದ್ದ ಕಡೆ ಮಾತ್ರ ಅಗೆತ ನಿಂತಿತು. ಹಾಗಾಗಿ 12ನೇ ಶತಮಾನದ ಆ ಚರ್ಚು ಈಗ ಕಡಿದಾದ ಅಂಚಿನಲ್ಲಿ ನಿಂತಿದೆ. ಫ್ರೀಸ್‌ಲ್ಯಾಂಡ್‌ನಲ್ಲಿ ಕಟ್ಟಡಕ್ಕೆ ಕಲ್ಲು ಸಿಗುವುದಿಲ್ಲ. ಹಳೆಯ ಗೋಡೆಗೆ ಬಳಸಿದ ಟಫ್ ಎಂಬ ಜ್ವಾಲಾಮುಖಿ ಕಲ್ಲು ದೂರದ ಜರ್ಮನಿಯಿಂದ ಬರಬೇಕಿತ್ತು. ಒಳಗೆ ಹೋದರೆ ಗೋಡೆಯ ಮೇಲೆ ಕುಲಲಾಂಛನಗಳನ್ನು ಮರದಲ್ಲಿ ಕೆತ್ತಿದ ಶೋಕಫಲಕಗಳು, ಒಟ್ಟು 16. ದಿಬ್ಬದ ಬಳಿಯ ಹಾರ್ಸ್ಟಾ ಸ್ಟೇಟ್ ಎಂಬ ದೊಡ್ಡಮನೆಯವರು ಸತ್ತಾಗ ತೂಗುಹಾಕಿದಂಥವು. ಆ ದೇಶದಲ್ಲಿ 1795ರಲ್ಲಿ ನಡೆದ ಕ್ರಾಂತಿಯ ಹೊತ್ತಿನಲ್ಲಿ ಸಿರಿವಂತರ ಕುಲಲಾಂಛನಗಳನ್ನು ಎಷ್ಟೋ ಚರ್ಚುಗಳಲ್ಲಿ ಕಿತ್ತು ಒಡೆದರು. ಈ ಮೂಲೆಯ ಹಳ್ಳಿಯಲ್ಲಿ ಇಷ್ಟೊಂದು ಫಲಕಗಳು ಉಳಿದಿರುವುದು ಅಪರೂಪವೇ.